ರೋಗದ ಹೆಸರೂ ನಾಲಗೆಯ ಜಗಳವೂ

ಇಬ್ಬರು ವಿದ್ಯಾವಂತರು ಒಂದು ಪದದ ಉಚ್ಚಾರಣೆಗಾಗಿ ವಾಗ್ವಾದಕ್ಕೆ ಇಳಿದುದನ್ನು ನಾನು ಮೊಟ್ಟಮೊದಲು ಕಂಡದ್ದು ತರಗತಿಯಲ್ಲಲ್ಲ, ನಮ್ಮ ಚರ್ಚಾಕೂಟದಲ್ಲೂ ಅಲ್ಲ. ಒಂದು ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ. ಅಂದು ನಮ್ಮ ತಂದೆಯವರನ್ನು ಬೆಳಗಿನ ಮೊದಲ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ತೋಟಕ್ಕೆ ನೀರು ಕಟ್ಟುವಾಗ, ಕೆರೆಯ ಏರಿ ಹತ್ತುವಾಗ ಅವರಿಗೆ ಎದೆಯಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕುಳಿತರೆ ತಾನಾಗಿ ಹೋಗುತ್ತಿತ್ತು. "ಯಾರೋ ಎದೆ ಹಿಡ್ದು ಹಿಸುಕ್ದಂಗಾಯ್ತದೆ ಸ್ವಾಮಿ" ಎಂದು ಅವರು ವೈದ್ಯರಲ್ಲಿ ಹೇಳಿಕೊಂಡರು. ವೈದ್ಯರು ಇ.ಸಿ.ಜಿ. ತೆಗೆಸಿ ನೋಡಿ, ಚೀಟಿಯಲ್ಲಿ ಎರಡು ಸಾಲು ಬರೆದು, ಹೊರಗೆ ಕುಳಿತಿರಲು ಹೇಳಿದರು.

ನಾವು ಕುಳಿತ ಬೆಂಚಿನ ಬಳಿ ಇಬ್ಬರು ಕಿರಿಯ ವೈದ್ಯರು ನಿಂತಿದ್ದರು. ನಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದ ಒಬ್ಬರು ರೋಗದ ಹೆಸರನ್ನು "ಅಂಜೈನ" ಎಂದರು. ಜೊತೆಯವರು ಒಡನೆಯೇ, "ಅಂಜೈನ ಅಲ್ಲ, ಆಂಜಿನ" ಎಂದು ತಿದ್ದಿದರು. ಮೊದಲಿನವರು ಬಿಡಲಿಲ್ಲ. ತಮ್ಮ ಪ್ರೊಫೆಸರು ಐದು ವರ್ಷವೂ ಅಂಜೈನ ಎಂದೇ ಹೇಳಿದ್ದರೆಂದು ವಾದಿಸಿದರು. ಇವರ ಪ್ರೊಫೆಸರು ಆಂಜಿನ ಎಂದವರಂತೆ, ಅದೂ ವಿಲಾಯತಿಯಲ್ಲಿ ಓದಿ ಬಂದವರಂತೆ. ಮಾತು ಐದಾರು ನಿಮಿಷ ನಡೆಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ ನಮ್ಮ ತಂದೆಯವರು ಒಮ್ಮೆ ಅವರ ಮುಖವನ್ನೂ ಒಮ್ಮೆ ಇವರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಡೆ ಬಾಗಿ, "ನಂಗೆ ಎರಡು ಕಾಯಿಲೆ ಅಂತೇನಪ್ಪಾ?" ಎಂದು ಮೆಲ್ಲಗೆ ಕೇಳಿದರು.

ಆಗ ನನಗೆ ನಗು ಬಂದಿತು. ಅದಾದ ಅರ್ಧ ಗಂಟೆಯಲ್ಲಿ ನಗುವ ಸರದಿ ಬೇರೆಯವರದಾಯಿತು.

ಔಷಧ ಕೊಡುವ ಕಿಟಕಿಯ ಮುಂದೆ ಉದ್ದನೆಯ ಸಾಲು. ನನ್ನ ಸರದಿ ಬಂದಾಗ ಚೀಟಿಯನ್ನು ಒಳಗೆ ಚಾಚಿ, ಇಂಗ್ಲಿಷಿನಲ್ಲಿ ಬರೆದದ್ದನ್ನು ಕಣ್ಣಿಗೆ ಕಂಡಂತೆ ಓದಿಕೊಂಡು, "ಇದು ಅಂಗೀನಕ್ಕೆ ಕೊಡುವ ಮಾತ್ರೆಯೇ ತಾನೇ ಸಾರ್?" ಎಂದು ಕೇಳಿದೆ. ಒಳಗಿದ್ದವರು ತಲೆಯೆತ್ತಿ ನೋಡಿದರು. ಪಕ್ಕದವರ ಕಡೆ ತಿರುಗಿ, "ಕೇಳಿದ್ರಾ? ಅಂಗೀನ ಅಂತೆ!" ಎಂದು ನಕ್ಕರು. ಪಕ್ಕದವರೂ ನಕ್ಕರು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೂ ನಕ್ಕರು. ಅವರಲ್ಲಿ ಎಷ್ಟು ಮಂದಿಗೆ ಆ ಪದ ಗೊತ್ತಿತ್ತೋ ದೇವರೇ ಬಲ್ಲ. "ಏನು ಓದ್ತಾ ಇದೀಯಪ್ಪಾ?" ಎಂಬ ಪ್ರಶ್ನೆ ಬಂದಿತು. "ಬಿ.ಎ." ಎಂದೆ. ನಗು ಇನ್ನಷ್ಟು ಹೆಚ್ಚಿತು. ಬಳಿಕ ಅವರು ಎರಡು ಪೊಟ್ಟಣಗಳನ್ನು ಮುಂದಕ್ಕೆ ತಳ್ಳಿ, "ಇದು ದಿನಾ ಬೆಳಿಗ್ಗೆ ಒಂದು. ಇದು ನೋವು ಬಂದರೆ, ಎಸ್.ಎಲ್." ಎಂದು ಹೇಳಿ ಮುಂದಿನವರನ್ನು ಕರೆದರು.

ಎಸ್.ಎಲ್. ಎಂದರೆ ಏನು? ನನಗೆ ತಿಳಿಯಲಿಲ್ಲ. ಕೇಳಬಹುದಾಗಿತ್ತು, ಕೇಳಲಿಲ್ಲ. ಇನ್ನೊಮ್ಮೆ ಬಾಯಿ ತೆರೆದರೆ ಇನ್ನೊಮ್ಮೆ ನಗೆ ಏಳುವುದೆಂದು ಅಂಜಿ, ಪೊಟ್ಟಣಗಳನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಸುಮಾರು ಎರಡು ವಾರಗಳ ಮೇಲೆ ಒಂದು ರಾತ್ರಿ ತಂದೆಯವರಿಗೆ ನೋವು ಬಂದಿತು. ನೋವು ಬಂದರೆ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ನಾನೇ ಕೈಗಿಟ್ಟೆ. ಅವರು ಒಂದು ಲೋಟ ನೀರಿನೊಡನೆ ನುಂಗಿದರು. ನೋವು ಇಳಿಯಲಿಲ್ಲ. ಹಣೆಯಲ್ಲಿ ಬೆವರು ಮೂಡಿತು. ಅಮ್ಮ ಬೀಸಣಿಗೆ ಹಿಡಿದು ಕುಳಿತಳು. ನಾನು ಓಡಿಹೋಗಿ ನಮ್ಮ ಬೀದಿಯಲ್ಲಿರುವ ನರ್ಸಕ್ಕನನ್ನು ಎಬ್ಬಿಸಿ ಕರೆತಂದೆ. ಆಕೆ ಪೊಟ್ಟಣವನ್ನು ದೀಪಕ್ಕೆ ಹಿಡಿದು ನೋಡಿ, "ಅಯ್ಯೋ, ಇದನ್ನ ನುಂಗ್ಬಾರ್ದು ಕಣಪ್ಪಾ! ನಾಲಗೆ ಕೆಳಗಿಟ್ಕೋಬೇಕು. ನಿಂಗೆ ಯಾರೂ ಹೇಳ್ಲಿಲ್ವಾ?" ಎಂದರು. ಹೇಳಿದ್ದರು. ಎಸ್.ಎಲ್. ಎಂದರೆ ಸಬ್‌ಲಿಂಗ್ವಲ್, ಲ್ಯಾಟಿನ್ ಭಾಷೆಯಲ್ಲಿ 'ನಾಲಗೆಯ ಕೆಳಗೆ' ಎಂದಷ್ಟೇ ಅರ್ಥ. ನಾಲಗೆಯ ಅಡಿಯಲ್ಲಿ ಕರಗಿದ ಮಾತ್ರೆ ಅಲ್ಲಿನ ತೆಳುಪೊರೆಯ ಮೂಲಕ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಕೆಲಸಮಾಡುತ್ತದೆ. ನುಂಗಿದ್ದಾದರೋ ಹೊಟ್ಟೆ ಕರುಳುಗಳನ್ನು ದಾಟಿ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅದರಲ್ಲಿ ಬಹುಪಾಲು ಅಲ್ಲಿಯೇ ಒಡೆದುಹೋಗುತ್ತದೆ, ಉಳಿದದ್ದು ತಡವಾಗಿ ಹೃದಯವನ್ನು ಮುಟ್ಟುತ್ತದೆ. ನರ್ಸಕ್ಕ ಪಕ್ಕದಲ್ಲಿ ಕುಳಿತು ಇನ್ನೊಂದು ಮಾತ್ರೆಯನ್ನು ನಾಲಗೆಯ ಕೆಳಗೆ ಇಡಿಸಿದರು. ನೋವು ಇಳಿಯಿತು. ಬೆಳಗಾದೊಡನೆ ಮತ್ತೆ ಆಸ್ಪತ್ರೆಗೆ ಹೋದೆವು. ತಂದೆಯವರು ಈಗ ಚೆನ್ನಾಗಿದ್ದಾರೆ.

ಈ ಸ್ವಂತ ಕಥೆಯನ್ನು ಇಷ್ಟು ಉದ್ದವಾಗಿ ಹೇಳಿದುದಕ್ಕೆ ವಾಚಕರು ಕ್ಷಮಿಸಬೇಕು. ನನ್ನ ಅಭಿಪ್ರಾಯವೆಲ್ಲ ಆ ರಾತ್ರಿಯಿಂದ ಹುಟ್ಟಿದ್ದರಿಂದ ಅದನ್ನು ಬಿಟ್ಟು ಮುಂದಕ್ಕೆ ಹೋಗಲಾರೆ.

ಆ ಇಬ್ಬರು ವೈದ್ಯರಲ್ಲಿ ಯಾರು ಸರಿ, ನನ್ನನ್ನು ನಕ್ಕವರು ಎಷ್ಟರಮಟ್ಟಿಗೆ ಸರಿ ಎಂಬ ಹಟದಿಂದ ನಾನು ಕಾಲೇಜಿನ ಪುಸ್ತಕಭಂಡಾರದಲ್ಲಿ ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಮೊದಲು ಕಂಡ ಸಂಗತಿಯೆಂದರೆ, ಅಂಜೈನ, ಆಂಜಿನ ಎರಡನ್ನೂ ನಿಘಂಟು ಒಪ್ಪಿಕೊಂಡಿದೆ. ಎದೆಯ ಈ ಬೇನೆಗೆ 'ಆಂಜಿನ ಪೆಕ್ಟೋರಿಸ್' ಎಂದು ಹೆಸರಿಟ್ಟವರು ವಿಲಿಯಂ ಹೆಬರ್ಡನ್ ಎಂಬ ಇಂಗ್ಲೆಂಡಿನ ವೈದ್ಯರು. 1768ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಅದನ್ನು ವಿವರಿಸಿದರು. ಹೆಸರು ಮಾತ್ರ ಲ್ಯಾಟಿನ್ನಿನದು. ಲ್ಯಾಟಿನ್ನಿನಲ್ಲಿ ಪದದ ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದರ ಮೇಲೆ. ಲಘುವಾದರೆ ಒತ್ತು ಅದರ ಹಿಂದಿನ ಅಕ್ಷರಕ್ಕೆ ಸರಿಯುತ್ತದೆ. ಈ ಪದದ ನಡುವಣ ಅಕ್ಷರ ಗುರುವೋ ಲಘುವೋ ಎಂಬುದರಲ್ಲಿಯೇ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿತ್ತು. ಗುರು ಎಂದವರು ಅಂಜೈನ ಎಂದರು, ಲಘು ಎಂದವರು ಆಂಜಿನ ಎಂದರು. ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕಲು ಒದ್ದಾಡಿದ ನಮಗೆ ಇದೇನೂ ಹೊಸ ಸಂಕಟವಲ್ಲ.

ಇನ್ನು ನನ್ನ ಅಂಗೀನದ ವಿಚಾರ. ಪ್ರಾಚೀನ ರೋಮನರು ಆ ಅಕ್ಷರವನ್ನು ಎಲ್ಲ ಕಡೆಯಲ್ಲಿಯೂ 'ಗ'ಕಾರವಾಗಿಯೇ ನುಡಿಯುತ್ತಿದ್ದರು; ಅದನ್ನು 'ಜ'ಕಾರ ಮಾಡಿದ್ದು ಮುಂದಿನವರು. ಜರ್ಮನಿಯ ವೈದ್ಯರು ಇಂದಿಗೂ ಈ ಪದವನ್ನು ಅಂಗೀನ ಎಂದೇ ಹೇಳುತ್ತಾರೆ. ಎಂದರೆ, ಅಂದು ಕಿಟಕಿಯ ಮುಂದೆ ನಗೆಪಾಟಲಿಗೆ ಈಡಾದ ಉಚ್ಚಾರಣೆಯನ್ನು ಬರ್ಲಿನ್ನಿನಲ್ಲಿ ಯಾರೂ ತಿದ್ದುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಜರ್ಮನ್ ಬಲ್ಲವನಾಗಿ ಹಾಗೆ ಓದಲಿಲ್ಲ, ಇಂಗ್ಲಿಷ್ ಬಾರದೆ ಹಾಗೆ ಓದಿದೆ. ಆದರೂ ನಕ್ಕವರ ಬಳಿ ನಗಲು ಇದ್ದ ಆಧಾರ ಎಷ್ಟು ಸಣ್ಣದೆಂಬುದು ಇದರಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಪದದ ಅರ್ಥ. ಆಂಜಿನ ಪೆಕ್ಟೋರಿಸ್ ಎಂದರೆ ಎದೆಯ ಹಿಸುಕು, ಉಸಿರು ಕಟ್ಟಿಸುವಂಥ ಹಿಡಿತ. "ಯಾರೋ ಎದೆ ಹಿಡ್ದು ಹಿಸುಕ್ದಂಗಾಯ್ತದೆ" ಎಂದು ನಮ್ಮ ತಂದೆಯವರು ಹೇಳಿದ್ದೂ ಅದನ್ನೇ. ರೋಗದ ಹೆಸರನ್ನು ಅಂದು ಎಲ್ಲರಿಗಿಂತ ಮೊದಲು, ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದವರು ರೋಗಿಯೇ ಆಗಿದ್ದರು.

ಹಟ ಹಿಡಿದು ಹುಡುಕುತ್ತ ಹೋದಂತೆ ಇಂಥ ಜಗಳಗಳು ಒಂದೆರಡಲ್ಲ ಎಂದು ತಿಳಿಯಿತು. ಜಠರದ ಮುಂದಣ ಸಣ್ಣಕರುಳಿನ ಮೊದಲ ಭಾಗವನ್ನು ಕೆಲವರು ಡುಯೋಡೀನಮ್ ಎನ್ನುತ್ತಾರೆ, ಕೆಲವರು ಡುವಾಡಿನಮ್ ಎನ್ನುತ್ತಾರೆ. ಅದರ ಉದ್ದ ಹನ್ನೆರಡು ಬೆರಳಿನಗಲವೆಂದು ಅಲೆಕ್ಸಾಂಡ್ರಿಯದ ಹೀರೋಫಿಲಸನು ಗ್ರೀಕಿನಲ್ಲಿ ಕೊಟ್ಟ ಹೆಸರಿನ ಲ್ಯಾಟಿನ್ ರೂಪ ಅದು. ಹನ್ನೆರಡು ಎಂಬುದಷ್ಟೇ ಈಗ ಉಳಿದಿದೆ. ಕತ್ತಿಗೆ ಸಂಬಂಧಿಸಿದುದನ್ನು ಅಮೆರಿಕದವರು ಸರ್ವಿಕಲ್ ಎಂದರೆ ಇಂಗ್ಲೆಂಡಿನವರಲ್ಲಿ ಅನೇಕರು ಸರ್ವೈಕಲ್ ಎನ್ನುತ್ತಾರೆ. ಅಲ್ಲಿ ಮೈಗ್ರೇನ್, ಇಲ್ಲಿ ಮೀಗ್ರೇನ್. ಅಮೆರಿಕದ ಶಸ್ತ್ರವೈದ್ಯರಲ್ಲಿ ಕೆಲವರು ಸೆಂಟಿಮೀಟರನ್ನು ಫ್ರೆಂಚರ ಧಾಟಿಯಲ್ಲಿ ಸಾಂಟಿಮೀಟರ್ ಎನ್ನುವ ವಾಡಿಕೆ ಇಟ್ಟುಕೊಂಡಿದ್ದಾರೆ. ಹಾಗೆಂದಮಾತ್ರಕ್ಕೆ ಗಾಯದ ಉದ್ದ ಕೂದಲೆಳೆಯಷ್ಟೂ ಹೆಚ್ಚು ಕಡಮೆಯಾಗುವುದಿಲ್ಲ. ಮೈಗ್ರೇನಿನ ಕಥೆ ಇನ್ನೂ ಸೊಗಸಾಗಿದೆ. ಗ್ರೀಕಿನ 'ಹೆಮಿಕ್ರೇನಿಯ', ಎಂದರೆ ಅರ್ಧ ತಲೆ, ಫ್ರೆಂಚರ ಬಾಯಲ್ಲಿ ಸವೆದು ಸವೆದು ಆ ರೂಪಕ್ಕೆ ಬಂದಿದೆ. ಸಂಸ್ಕೃತದಲ್ಲಿ ಅದು ಅರ್ಧಾವಭೇದಕ, ನಮ್ಮ ಅಜ್ಜಿಯರ ಮಾತಿನಲ್ಲಿ ಅರೆತಲೆನೋವು. ಮೂರು ಭಾಷೆಗಳೂ ರೋಗವನ್ನು ಒಂದೇ ರೀತಿ ಕಂಡಿವೆ.

ಈ ಗೊಂದಲಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ವೈದ್ಯಶಾಸ್ತ್ರದ ಪದಗಳು ಗ್ರೀಸಿನಲ್ಲಿ ಹುಟ್ಟಿ, ರೋಮಿನ ಉಡುಪು ತೊಟ್ಟು, ಅನೇಕವು ಫ್ರಾನ್ಸನ್ನು ಹಾದು, ಇಂಗ್ಲೆಂಡನ್ನು ಸೇರಿ, ಅಲ್ಲಿಂದ ನಮ್ಮಲ್ಲಿಗೆ ಬಂದವು. ದಾರಿಯ ಪ್ರತಿಯೊಂದು ಊರಿನವರೂ ತಮ್ಮ ನಾಲಗೆಗೆ ಒಗ್ಗುವಂತೆ ಅವನ್ನು ತಿರುಗಿಸಿಕೊಂಡರು. ಗ್ರೀಕ್ ಲ್ಯಾಟಿನ್‌ಗಳನ್ನು ಹೇಗೆ ಉಚ್ಚರಿಸಬೇಕೆಂಬ ಬಗ್ಗೆ ಎರಾಸ್ಮಸ್ ಎಂಬ ಮಹಾವಿದ್ವಾಂಸನು 1528ರಲ್ಲಿ ಒಂದು ಗ್ರಂಥವನ್ನೇ ಬರೆದನು. ಆ ಹೊಸ ಕ್ರಮವನ್ನು ಕೇಂಬ್ರಿಜ್ಜಿನ ತರುಣ ಅಧ್ಯಾಪಕರು ಹಿಡಿದಾಗ, ಅಲ್ಲಿನ ಕುಲಪತಿಯಾಗಿದ್ದ ಸ್ಟೀಫನ್ ಗಾರ್ಡಿನರನು 1542ರಲ್ಲಿ ಆಜ್ಞೆ ಹೊರಡಿಸಿ ಅದನ್ನು ನಿಷೇಧಿಸಿದನು. ಆಜ್ಞೆಯಿಂದ ನಾಲಗೆಗಳು ಒಂದಾಗಲಿಲ್ಲ. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞರು ಕೂಡಿ, ಅದುವರೆಗೆ ಬಳಕೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು ಸುಮಾರು 5,500ಕ್ಕೆ ಇಳಿಸಿ ಒಂದು ಪಟ್ಟಿ ಮಾಡಿದರು. ಇದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಅವರು ಒಪ್ಪಿದ್ದು ಬರೆವ ರೂಪವನ್ನು. ನುಡಿವ ರೂಪ ಊರಿಗೊಂದು ಬಗೆಯಾಗಿಯೇ ಉಳಿಯಿತು.

ನಮ್ಮ ಕಡೆಯ ತೊಡಕು ಇನ್ನೊಂದು ಬಗೆಯದು. ಕನ್ನಡಿಗನು ಬರೆದುದನ್ನೆಲ್ಲ ಓದುವವನು. ಬರೆದು ಓದದೆ ಬಿಡುವ ಅಕ್ಷರ ನಮ್ಮ ಲಿಪಿಯಲ್ಲಿ ಇಲ್ಲ. ನ್ಯುಮೋನಿಯದ ಮೊದಲಲ್ಲಿ, ಸೈಕಾಲಜಿಯ ಮೊದಲಲ್ಲಿ ಇಂಗ್ಲಿಷರು ಒಂದು 'ಪ'ಕಾರ ಬರೆದು ಅದನ್ನು ನುಂಗಿಬಿಡುತ್ತಾರೆ. ಹಳ್ಳಿಯ ಶಾಲೆಯಿಂದ ಬಂದ ಹುಡುಗನು ಅದನ್ನು ಪ್ನ್ಯುಮೋನಿಯ ಎಂದು ಓದಿದರೆ ತರಗತಿ ಗೊಳ್ಳೆಂದು ನಗುತ್ತದೆ. ಆ 'ಪ'ಕಾರವನ್ನು ಗ್ರೀಕರು ನುಡಿಯುತ್ತಿದ್ದರು, ಜರ್ಮನರು ಇಂದಿಗೂ ನುಡಿಯುತ್ತಾರೆ. ಹುಡುಗನು ಓದಿದ್ದು ಇಂಗ್ಲಿಷಿನ ವಾಡಿಕೆಗೆ ತಪ್ಪು, ಅಷ್ಟೇ. ವಾಡಿಕೆಯನ್ನು ಹೇಳಿಕೊಡಲು ಒಂದು ಕ್ಷಣ ಸಾಕು. ನಕ್ಕ ನಗೆ ಎಷ್ಟು ದಿನ ನೆನಪಿನಲ್ಲಿ ಉಳಿಯುವುದೆಂಬುದನ್ನು ನಕ್ಕವರು ಬಲ್ಲರೇ?

ಪರಭಾಷೆಯ ಪದ ನಮ್ಮ ನಾಲಗೆಗೆ ಬಂದಾಗ ಬದಲಾಗುವುದನ್ನು ನಮ್ಮ ಹಿರಿಯರು ಕೀಳಾಗಿ ಕಾಣಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಸಂಸ್ಕೃತದ ಪದಗಳು ಯಾವ ಯಾವ ಕ್ರಮದಲ್ಲಿ ಕನ್ನಡದ ತದ್ಭವಗಳಾಗುತ್ತವೆಂಬುದನ್ನು ವಿವರಿಸಿದನು. ವಿದ್ಯೆ ಬಿಜ್ಜೆಯಾಯಿತು, ಯಶ ಜಸವಾಯಿತು, ವೈದ್ಯನು ಕೂಡ ಬೆಜ್ಜನಾದನು. ಅದನ್ನು ಅಜ್ಞಾನವೆಂದು ತಳ್ಳದೆ ವ್ಯಾಕರಣದೊಳಗೆ ಸೇರಿಸಿಕೊಂಡರು. ಅಷ್ಟೇಕೆ, 'ಆಸ್ಪತ್ರೆ' ಎಂಬ ಮಾತೇ ಪಶ್ಚಿಮದಿಂದ ಬಂದು ನಮ್ಮ ಬಾಯಲ್ಲಿ ರೂಪುಗೊಂಡ ತದ್ಭವ. ಉತ್ತರದ ಜಿಲ್ಲೆಗಳಲ್ಲಿ ಅದಕ್ಕೆ ದವಾಖಾನೆ ಎನ್ನುತ್ತಾರೆ. ಅದು ಪಾರಸಿಯಿಂದ ಬಂದದ್ದು. ಬಾಗಿಲ ಮೇಲೆ ತದ್ಭವವನ್ನು ದೊಡ್ಡಕ್ಷರದಲ್ಲಿ ಬರೆದು, ಒಳಗೆ ಡಾಕ್ಟ್ರು, ನರ್ಸು, ಸ್ಕ್ಯಾನಿಂಗು ಎಂದು ಮಾತಾಡುತ್ತ, ರೋಗಿ ಮಾಡಿದ ತದ್ಭವಕ್ಕೆ ಮಾತ್ರ ನಗುವುದು ಯಾವ ನ್ಯಾಯ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಉಚ್ಚಾರಣೆಯ ವಿಷಯದಲ್ಲಿ ನಮ್ಮ ಅಧ್ಯಾಪಕರಲ್ಲಿ ಕೆಲವರು ಬಹಳ ನಿಷ್ಠುರರು. 'ಅ'ಕಾರ 'ಹ'ಕಾರಗಳನ್ನು ಅದಲುಬದಲು ಮಾಡಿದವನನ್ನು ಅವರು ಸುಮ್ಮನೆ ಬಿಡುವುದಿಲ್ಲ. ಅವರಲ್ಲಿ ನನಗೆ ಗೌರವವಿದೆ. ನನ್ನ ಕನ್ನಡವನ್ನು ತಿದ್ದಿದವರು ಅವರೇ. ಅವರು ಕೇಳಬಹುದು: "ಹಾಗಾದರೆ ಯಾರು ಹೇಗೆ ಬೇಕಾದರೂ ಹೇಳಬಹುದೇ? ಇಂದ್ರಶತ್ರುವಿನ ಕಥೆ ಮರೆತೆಯಾ?" ಮರೆತಿಲ್ಲ. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ತ್ವಷ್ಟೃ ಹೋಮಮಾಡಿದನು. ಸ್ವರ ತಪ್ಪಿದ್ದರಿಂದ 'ಇಂದ್ರನಿಗೆ ಶತ್ರು' ಎಂಬ ಅರ್ಥ ಹೋಗಿ 'ಇಂದ್ರನನ್ನೇ ಶತ್ರುವಾಗಿ ಉಳ್ಳವನು' ಎಂದಾಯಿತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿ ಸತ್ತನು. ನಾಲಗೆ ಜಾರಿದರೆ ಪ್ರಾಣ ಹೋದೀತೆಂಬ ಎಚ್ಚರಿಕೆಗೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

ವೈದ್ಯಶಾಸ್ತ್ರದಲ್ಲಿ ಇಂಥ ಇಂದ್ರಶತ್ರುಗಳು ನಿಜವಾಗಿಯೂ ಇವೆ. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಮೆ. ಥೈರಾಯ್ಡ್ ಗ್ರಂಥಿಯ ವಿಷಯದಲ್ಲಿ ಒಂದರ ಚಿಕಿತ್ಸೆಗೂ ಇನ್ನೊಂದರ ಚಿಕಿತ್ಸೆಗೂ ಉತ್ತರ ದಕ್ಷಿಣದ ಅಂತರ. ಡಿಸ್‌ಫೇಜಿಯ ಎಂದರೆ ನುಂಗುವ ಕಷ್ಟ, ಡಿಸ್‌ಫೇಸಿಯ ಎಂದರೆ ಮಿದುಳಿನ ತೊಂದರೆಯಿಂದ ಬರುವ ಮಾತಿನ ಕಷ್ಟ. ಇವೆರಡೂ ಕಿವಿಗೆ ಒಂದಾಗಿ ಕೇಳುತ್ತವೆಂದೇ ಅನೇಕ ವೈದ್ಯರು ಎರಡನೆಯದನ್ನು ಬಿಟ್ಟು ಅಫೇಸಿಯ ಎಂಬ ಪದವನ್ನು ಹಿಡಿದಿದ್ದಾರೆ. ಸಣ್ಣಕರುಳಿನ ಕೊನೆಯ ಭಾಗ ಇಲಿಯಮ್, ಸೊಂಟದ ಮೂಳೆಯೂ ಇಲಿಯಮ್. ಇಂಗ್ಲಿಷಿನಲ್ಲಿ ಬರೆವಾಗ ಒಂದಕ್ಷರ ಬೇರೆ, ನುಡಿವಾಗ ಒಂದೇ. ಕಾಲಿನ ನರವೊಂದಕ್ಕೆ ಪೆರೋನಿಯಲ್ ಎಂದೂ ತೊಡೆಗಳ ನಡುವಣ ಭಾಗಕ್ಕೆ ಪೆರಿನಿಯಲ್ ಎಂದೂ ಹೆಸರು. 1998ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮೊದಲನೆಯದಕ್ಕೆ ಫಿಬ್ಯುಲರ್ ಎಂಬ ಹೆಸರನ್ನೇ ಮುಂದೆ ಇಟ್ಟಿದ್ದಾರೆ.

ಔಷಧದ ಹೆಸರುಗಳಲ್ಲಿಯಂತೂ ಅಪಾಯ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ ಹೊಟ್ಟೆಯ ಆಮ್ಲವನ್ನು ಇಳಿಸುವ ಲೋಸೆಕ್ ಎಂಬ ಔಷಧಿಗೂ ಮೂತ್ರವನ್ನು ಹೆಚ್ಚಿಸುವ ಲೇಸಿಕ್ಸ್ ಎಂಬ ಔಷಧಿಗೂ ಗೊಂದಲವಾಗಿ, 1990ರಲ್ಲಿ ಮೊದಲನೆಯದರ ಹೆಸರನ್ನು ಪ್ರಿಲೋಸೆಕ್ ಎಂದು ಬದಲಾಯಿಸಬೇಕಾಯಿತು. ನಮ್ಮಲ್ಲಿಯೂ ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಮಲೇರಿಯದ ಎರಡು ಔಷಧಿಗಳ ಹೆಸರಿನ ವ್ಯಾಜ್ಯ 2001ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಒಂದೇ ಸಾಮಾನ್ಯ ಭಾಷೆಯಿಲ್ಲದ, ಅಕ್ಷರ ಬಾರದವರು ಬಹುಮಂದಿ ಇರುವ, ಇಂಗ್ಲಿಷ್ ಬಲ್ಲವರು ಕೆಲವರೇ ಇರುವ ಈ ದೇಶಕ್ಕೆ ಇಂಗ್ಲೆಂಡಿನ ಅಳತೆಗೋಲನ್ನು ಹಾಗೆಯೇ ತಂದು ಹಿಡಿಯಲಾಗದೆಂದು ನ್ಯಾಯಾಲಯ ಹೇಳಿತು. ಔಷಧದ ಹೆಸರುಗಳ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು, ವೈದ್ಯರೂ ಔಷಧ ಮಾರುವವರೂ ತಪ್ಪು ಮಾಡದವರಲ್ಲ ಎಂದೂ ಹೇಳಿತು. ಹೆಸರು ಕೊಡುವಾಗಲೇ ಕಿವಿಯನ್ನು ಗಮನದಲ್ಲಿಡಬೇಕು, ಎಲ್ಲ ಭಾರವನ್ನೂ ಕೊಳ್ಳುವವನ ನಾಲಗೆಯ ಮೇಲೆ ಹೊರಿಸಬಾರದು ಎಂಬುದು ಇದರಿಂದ ನಾನು ಕಲಿತ ಪಾಠ.

ಆದ್ದರಿಂದ ಜಗಳಗಳನ್ನು ಎರಡು ಗುಂಪು ಮಾಡಿಕೊಳ್ಳಬೇಕೆಂದು ನನಗೆ ತೋರುತ್ತದೆ. ಅಂಜೈನ ಆಂಜಿನಗಳ ಜಗಳದಲ್ಲಿ ಯಾರು ಗೆದ್ದರೂ ರೋಗಿಗೆ ಲಾಭವಿಲ್ಲ, ಸೋತರೂ ನಷ್ಟವಿಲ್ಲ. ಬಿಡುವಿರುವಾಗ ಅದು ಒಳ್ಳೆಯ ವಿನೋದ. ಹೈಪರ್ ಹೈಪೋಗಳ ಸಂಗತಿ ಹಾಗಲ್ಲ. ಅಲ್ಲಿ ಎಚ್ಚರ ತಪ್ಪುವಂತಿಲ್ಲ. ನಮ್ಮ ದುರದೃಷ್ಟವೆಂದರೆ, ನಾವು ನಗುವುದೆಲ್ಲ ಮೊದಲನೆಯ ಗುಂಪಿನ ತಪ್ಪುಗಳಿಗೆ. ಅಪಾಯವಿರುವುದು ಎರಡನೆಯ ಗುಂಪಿನಲ್ಲಿ.

ಇನ್ನೂ ಒಂದು ಮಾತನ್ನು ಗಮನಿಸಬೇಕು. ಎರಡನೆಯ ಗುಂಪಿನಲ್ಲಿಯೂ ಶುದ್ಧೋಚ್ಚಾರಣೆಯೊಂದೇ ನಮ್ಮನ್ನು ಕಾಪಾಡುವುದಿಲ್ಲ. ಎರಡು ಇಲಿಯಮ್ಮುಗಳನ್ನು ಎಷ್ಟು ಶುದ್ಧವಾಗಿ ನುಡಿದರೂ ಒಂದೇ ಆಗಿ ಕೇಳುತ್ತವೆ. ಇಂಗ್ಲಿಷಿನ ಫಿಫ್ಟೀನ್ ಫಿಫ್ಟಿಗಳನ್ನು ದೂರವಾಣಿಯಲ್ಲಿ ಎಂಥ ಆಂಗ್ಲನು ಹೇಳಿದರೂ ಕೇಳುವವನಿಗೆ ಸಂದೇಹ ಬಂದೀತು. ಔಷಧದ ಪ್ರಮಾಣದಲ್ಲಿ ಅದು ಮೂರರಷ್ಟಕ್ಕೂ ಮೀರಿದ ತಪ್ಪು. ಇದನ್ನು ಬಲ್ಲ ಆಸ್ಪತ್ರೆಗಳಲ್ಲಿ ಬಾಯಿಮಾತಿನ ಆದೇಶವನ್ನು ಕೇಳಿದವರು ಬರೆದುಕೊಂಡು, ಬರೆದುದನ್ನು ತಿರುಗಿ ಓದಿ ಹೇಳಬೇಕೆಂಬ ಪದ್ಧತಿಯಿದೆ. ಅಂಕಿಗಳನ್ನು ಒಂದು–ಐದು, ಐದು–ಸೊನ್ನೆ ಎಂದು ಬಿಡಿಸಿ ಹೇಳುವ ರೂಢಿಯೂ ಇದೆ. ನಮ್ಮ ಹದಿನೈದಕ್ಕೂ ಐವತ್ತಕ್ಕೂ ಈ ಗೊಂದಲವೇ ಇಲ್ಲವೆಂಬುದು ಕನ್ನಡಿಗರ ಭಾಗ್ಯ. ಅದನ್ನು ನಾವು ಉಪಯೋಗಿಸಿಕೊಳ್ಳುತ್ತಿಲ್ಲ ಅಷ್ಟೇ. ಪ್ರಾಣವನ್ನು ಉಳಿಸುವುದು ತಿರುಗಿ ಕೇಳುವ ಅಭ್ಯಾಸ, ಬಿಡಿಸಿ ಹೇಳುವ ಸಹನೆ. ನಗೆ ಮೊದಲು ಕೊಲ್ಲುವುದು ಈ ತಿರುಗಿ ಕೇಳುವ ಅಭ್ಯಾಸವನ್ನೇ. ಆ ದಿನ ನಾನು ಅಂಗೀನ ಎಂದದ್ದರಿಂದ ತಂದೆಯವರಿಗೆ ಯಾವ ಕೇಡೂ ಆಗಲಿಲ್ಲ. ಸರಿಯಾದ ಮಾತ್ರೆಯೇ ಕೈಗೆ ಬಂದಿತ್ತು. ಕೇಡಾದದ್ದು ಅದರ ಮರುಕ್ಷಣದಲ್ಲಿ, ನಾನು ಬಾಯಿ ಮುಚ್ಚಿಕೊಂಡಾಗ.

ಈ ಲೇಖನವನ್ನು ಓದಿದ ಗೆಳೆಯನೊಬ್ಬನು, "ಇಷ್ಟೆಲ್ಲ ತಾಪತ್ರಯವೇಕೆ? ಎಲ್ಲ ಪದಗಳನ್ನೂ ಕನ್ನಡಕ್ಕೆ ತಿರುಗಿಸಿಬಿಟ್ಟರಾಯಿತು" ಎಂದನು. ಆತನ ಉತ್ಸಾಹ ಮೆಚ್ಚತಕ್ಕದ್ದೇ. ಕನ್ನಡಕ್ಕೆ ವೈದ್ಯ ಹೊಸದಲ್ಲ. ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿಯೇ ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ನಮ್ಮ ಕಾಲಕ್ಕೆ ಹತ್ತಿರದವರಲ್ಲಿ 'ರಾಶಿ'ಯವರು, ಅನುಪಮಾ ನಿರಂಜನ ಅವರು ವೈದ್ಯರಾಗಿದ್ದುಕೊಂಡೇ ಮನಸ್ಸಿನ ವಿಚಾರವನ್ನೂ ತಾಯಿಮಕ್ಕಳ ಆರೋಗ್ಯವನ್ನೂ ಮನೆಮಾತಿನಲ್ಲಿ ಬರೆದು ತೋರಿಸಿದರು. ಆದರೆ ಔಷಧದ ಡಬ್ಬಿಯ ಮೇಲಿನ ಹೆಸರು ಲೋಕಕ್ಕೆಲ್ಲ ಒಂದೇ ಇರಬೇಕಾದದ್ದು. ಊರೂರಿಗೆ ಅದನ್ನು ಅನುವಾದಿಸಿದರೆ ಇನ್ನಷ್ಟು ಗೊಂದಲ. ಮೂಲ ಔಷಧಗಳಿಗೆ ಜಗತ್ತಿನಾದ್ಯಂತ ಒಂದೇ ಹೆಸರಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 1953ರಿಂದ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿರುವುದು ಇದಕ್ಕಾಗಿಯೇ. ಹೆಸರು ಹಾಗೆಯೇ ಇರಲಿ. ಹೇಗೆ ತೆಗೆದುಕೊಳ್ಳಬೇಕು, ಯಾವಾಗ, ಎಷ್ಟು ಎಂಬುದು ಕನ್ನಡದಲ್ಲಿ ಬರಲಿ. ಎಸ್.ಎಲ್. ಎಂಬ ಎರಡಕ್ಷರದ ಬದಲು 'ನಾಲಗೆ ಕೆಳಗೆ' ಎಂದು ಅಂದು ಹೇಳಿದ್ದರೆ ಎಷ್ಟು ಹೊತ್ತು ಹೆಚ್ಚಾಗುತ್ತಿತ್ತು?

ಸಹಪಾಠಿ ಮಿತ್ರರೇ, ನಾವು ಕಲಾವಿಭಾಗದವರು; ವೈದ್ಯರಾಗುವವರಲ್ಲ. ಈ ವಿಷಯ ನಮಗೇಕೆಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಚೀಟಿ ಓದಿ ಹೇಳುವವರು ನಾವೇ, ಹಿರಿಯರ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವವರೂ ನಾವೇ. ಅಲ್ಲದೆ, ನಮ್ಮಲ್ಲಿ ಬಹುಮಂದಿ ನಾಳೆ ಯಾವುದಾದರೊಂದು ಕಿಟಕಿಯ ಒಳಗಡೆ ಕುಳಿತುಕೊಳ್ಳುವವರು. ನಾಡಕಚೇರಿಯೋ ಬ್ಯಾಂಕೋ ಶಾಲೆಯೋ, ಯಾವುದಾದರೂ ಆಗಲಿ, ಹೊರಗಡೆ ಒಬ್ಬರು ನಿಂತು ತಮಗೆ ಬಾರದ ಪದವೊಂದನ್ನು ತಡವರಿಸುತ್ತ ನುಡಿಯುವ ದಿನ ಬಂದೇ ಬರುತ್ತದೆ. ಅಂದು ಪಕ್ಕದವರ ಕಡೆ ತಿರುಗಿ ನಗಬೇಕೆನ್ನಿಸಿದರೆ, ನಕ್ಕ ಮೇಲೆ ಅವರು ಕೇಳದೆ ಹೋಗುವ ಪ್ರಶ್ನೆ ಯಾವುದಿರಬಹುದೆಂದು ಒಂದು ಕ್ಷಣ ಯೋಚಿಸಿರಿ. ಹಾಗೆಯೇ, ಕಿಟಕಿಯ ಹೊರಗಡೆ ನಿಂತಾಗ ನನ್ನಂತೆ ಅಂಜಿ ಹಿಂದಿರುಗಬೇಡಿರಿ. ತಪ್ಪುಚ್ಚಾರಣೆಯಲ್ಲಿಯೇ ಆಗಲಿ, ಕೇಳಿ ತಿಳಿದುಕೊಂಡು ಬನ್ನಿರಿ.

ತಂದೆಯವರು ತಿಂಗಳಿಗೊಮ್ಮೆ ಮಾತ್ರೆಗೆ ಹೋಗುತ್ತಾರೆ. ಆ ರೋಗದ ಹೆಸರು ಅವರಿಗೆ ಇನ್ನೂ ಬರುವುದಿಲ್ಲ. 'ಎದೆಹಿಸುಕು' ಎಂದೇ ಹೇಳುತ್ತಾರೆ. ಪೊಟ್ಟಣ ಕೈಗೆ ಬಂದೊಡನೆ, ಸಾಲಿನಲ್ಲಿರುವವರಿಗೆಲ್ಲ ಕೇಳುವಂತೆ, "ನುಂಗೋದು ಯಾವ್ದು, ನಾಲಗೆ ಕೆಳಗಿಡೋದು ಯಾವ್ದು, ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಕಿಟಕಿಯಿಂದ ಕದಲುವುದಿಲ್ಲ. ಕಳೆದ ತಿಂಗಳು ನಾನು ಜೊತೆಯಲ್ಲಿದ್ದೆ. ಅವರ ಹಿಂದೆ ನಿಂತಿದ್ದ ಹೆಂಗಸೊಬ್ಬರು ತಮ್ಮ ಸರದಿ ಬಂದಾಗ ಅದೇ ಪ್ರಶ್ನೆಯನ್ನು ಕೇಳಿದರು. ಯಾರೂ ನಗಲಿಲ್ಲ.